ಗ್ರಾಫೀನ್: ಇದ್ದಿಲಿನ ಬಳಗದ ಹೊಸ ನಂಟ

ಮೊದಲು ಹೆಗ್ಗಡದೇವನಕೋಟೆಗೆ ಸೇರಿದ್ದು ಈಗ ತಾನೇ ಒಂದು ತಾಲ್ಲೂಕಾಗಿರುವ ಸರಗೂರಿನ ಹೆಸರನ್ನು ದೇಶಾಂತರದ ಭೂಗರ್ಭಶಾಸ್ತ್ರಜ್ಞರೂ ಬಲ್ಲರು. ಆ ಸೀಮೆಯ ಶಿಲೆಗಳು 300 ಕೋಟಿ ವರ್ಷಗಳಿಗೂ ಹಿಂದಿನವು. ಅವಕ್ಕೆ ‘ಸರಗೂರು ಸಮೂಹ’ವೆಂದೇ ಹೆಸರು. ಅವುಗಳೊಳಗಣ ಅಭ್ರಕದ ಪದರುಗಲ್ಲುಗಳಲ್ಲಿ ಕಪ್ಪಗೆ ಹೊಳೆಯುವ, ಮುಟ್ಟಿದರೆ ಬೆರಳಿಗೆ ಮಸಿ ಹತ್ತುವ ಖನಿಜವೊಂದುಂಟು. ಅದೇ ಗ್ರಾಫೈಟ್. ಮಕ್ಕಳ ಪೆನ್ಸಿಲಿನೊಳಗಣ ಕಡ್ಡಿಯೂ ಅದರಿಂದಲೇ ಆದುದು. ಸೀಸದಕಡ್ಡಿಯೆಂದು ನಾವು ಕರೆಯುತ್ತ ಬಂದಿದ್ದರೂ ಅದರಲ್ಲಿ ಸೀಸದ ಸುಳಿವಿಲ್ಲ. ಒಲೆಯ ಇದ್ದಿಲು, ಕಣ್ಣಿನ ಕಾಡಿಗೆ, ಉಂಗುರದ ವಜ್ರ, ಈ ಗ್ರಾಫೈಟ್ — ಇವೆಲ್ಲವೂ ಇಂಗಾಲವೆಂಬ ಒಂದೇ ಮೂಲವಸ್ತುವಿನ ಬೇರೆ ಬೇರೆ ವೇಷಗಳು.

ಗ್ರಾಫೈಟು ಪುಸ್ತಕದ ಹಾಳೆಗಳಂತೆ ಪದರ ಪದರವಾಗಿರುವುದು. ಒಂದು ಮಿಲಿಮೀಟರು ದಪ್ಪದಲ್ಲಿ ಸುಮಾರು 30 ಲಕ್ಷ ಪದರಗಳು! ಅವುಗಳಲ್ಲಿ ಒಂದನ್ನು ಮಾತ್ರ ಬಿಡಿಸಿ ತೆಗೆದರೆ ಅದೇ ಗ್ರಾಫೀನ್. 2004ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ಆಂಡ್ರೆ ಗೈಮ್ ಮತ್ತು ಕಾನ್‌ಸ್ಟಾಂಟಿನ್ ನೊವೊಸೆಲೊವ್ ಎಂಬ ವಿದ್ವಾಂಸರು ನಮ್ಮ ಅಂಗಡಿಗಳಲ್ಲಿ ದೊರೆಯುವಂಥ ಅಂಟುಪಟ್ಟಿಯನ್ನು ಗ್ರಾಫೈಟಿಗೆ ಒತ್ತಿ, ಕಿತ್ತು, ಮತ್ತೆ ಮತ್ತೆ ಸುಲಿದು ಈ ಪದರವನ್ನು ಪಡೆದರು. 2010ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕವು ಸಂದಿತು.

ಇಷ್ಟು ತೆಳುವಾದುದರಿಂದ ಪ್ರಯೋಜನವೇನೆಂದು ವಾಚಕರು ಕೇಳಬಹುದು. ನೀರು ಸೋಸುವ ಮಡಕೆಯಲ್ಲಿ ಹಿರಿಯರು ಮರಳಿನ ಜೊತೆಗೆ ಇದ್ದಿಲನ್ನು ಹರಡುತ್ತಿದ್ದುದೇಕೆ? ಇದ್ದಿಲಿನ ಮೈತುಂಬ ಇರುವ ಸೂಕ್ಷ್ಮರಂಧ್ರಗಳ ಗೋಡೆಗಳಿಗೆ ಕಶ್ಮಲವು ಅಂಟಿಕೊಳ್ಳುವುದು. ಗೋಡೆ ಹೆಚ್ಚಿದಷ್ಟೂ ಕೆಲಸ ಹೆಚ್ಚು. ಗ್ರಾಫೀನಿಗಾದರೋ ಒಳಗೆಂಬುದೇ ಇಲ್ಲ, ಎಲ್ಲವೂ ಹೊರಮೈ. ಒಂದೇ ಒಂದು ಗ್ರಾಮಿನ ಎರಡು ಮಗ್ಗುಲನ್ನೂ ಲೆಕ್ಕ ಹಿಡಿದರೆ 2,630 ಚದರ ಮೀಟರು, ಎಂದರೆ ಕೃಷ್ಣರಾಜನಗರದ 26 ಗುಂಟೆ ಗದ್ದೆಯಷ್ಟು!

ಅಷ್ಟು ವಿಶಾಲವಾದ ಮೈಯ ಮೇಲೆ ಜಲಜನಕವನ್ನು ಕೂಡಿಡಬಹುದೆಂಬುದು ಶಾಸ್ತ್ರಜ್ಞರ ಒಂದು ಆಸೆ. ಹುಣಸೂರು, ಪಿರಿಯಾಪಟ್ಟಣಗಳ ಕಡೆ ಹೊಗೆಸೊಪ್ಪನ್ನು ಹದಮಾಡುವ ಬ್ಯಾರನ್ನುಗಳಲ್ಲಿ ದಿನಗಟ್ಟಲೆ ಸೌದೆ ಉರಿಯುವುದನ್ನು ಕಂಡವರಿಗೆ, ಉರಿದರೆ ಇಂಗಾಲದ ಹೊಗೆಯಿಲ್ಲದೆ ನೀರಾವಿಯಾಗುವ ಇಂಧನದ ಬೆಲೆಯನ್ನು ನಾವು ಹೇಳಬೇಕಾದುದಿಲ್ಲ. ತೂಕಕ್ಕೆ ತೂಕವಿಟ್ಟರೆ ಜಲಜನಕವು ಅಡುಗೆಯ ಅನಿಲಕ್ಕಿಂತ ಎರಡೂವರೆ ಪಟ್ಟಿಗೂ ಹೆಚ್ಚಿನ ಶಾಖವನ್ನು ಕೊಡುವುದು. ತೊಡಕಿರುವುದು ಶೇಖರಣೆಯಲ್ಲಿ. 14.2 ಕಿಲೋಗ್ರಾಮಿನ ಒಂದು ಸಿಲಿಂಡರಿನಷ್ಟು ಶಾಖಕ್ಕೆ ಸುಮಾರು ಐದೂವರೆ ಕಿಲೋಗ್ರಾಂ ಜಲಜನಕ ಸಾಕು. ಆದರೆ ಒತ್ತದೆ ಬಿಟ್ಟರೆ ಅದು ಹತ್ತಡಿ ಉದ್ದ, ಅಗಲ, ಎತ್ತರಗಳ ಎರಡು ಕೋಣೆಗಳನ್ನು ತುಂಬಿಯೂ ಮಿಗುವುದು.

ಈ ಶೋಧನೆಯಲ್ಲಿ ನಮ್ಮವರ ಪಾಲೂ ಉಂಟು. ಮೈಸೂರು ವಿಶ್ವವಿದ್ಯಾನಿಲಯದಿಂದ 1951ರಲ್ಲಿ ಬಿ.ಎಸ್‌ಸಿ. ಪದವಿ ಪಡೆದು, 2014ರಲ್ಲಿ ಭಾರತರತ್ನರಾದ ಸಿ. ಎನ್. ಆರ್. ರಾವ್ ಅವರೂ ಅವರ ಸಂಗಡಿಗರೂ ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಗ್ರಾಫೀನಿನ ಮೇಲೆ ಜಲಜನಕವನ್ನು ಹಾಯಿಸಿ ನೋಡಿದರು. ವಾಯುಭಾರದ ನೂರು ಪಟ್ಟು ಒತ್ತಡದಲ್ಲಿ, ಸಾಮಾನ್ಯ ಉಷ್ಣತೆಯಲ್ಲಿ, ತೂಕದ ನೂರಕ್ಕೆ ಮೂರರಷ್ಟು ಜಲಜನಕ ನಿಂತಿತೆಂದು 2008ರಲ್ಲಿ ಪ್ರಕಟಿಸಿದರು. ಉತ್ತಮವಾದ ಫಲವೇ ಸರಿ. ಆದರೂ ಗೃಹಿಣಿಯ ಲೆಕ್ಕದಲ್ಲಿ ನೋಡಿದರೆ, ಒಂದು ಸಿಲಿಂಡರಿಗೆ ಬದಲಾಗಿ ಸುಮಾರು 180 ಕಿಲೋಗ್ರಾಂ ಗ್ರಾಫೀನನ್ನು ಗಟ್ಟಿಯಾದ ಪಾತ್ರೆಯಲ್ಲಿಟ್ಟು ಒತ್ತಡದಲ್ಲಿ ಕಾಪಾಡಬೇಕಾಗುವುದು. ಇದು ಅಡುಗೆಮನೆಗೆ ಬರುವ ಕಾಲ ಹತ್ತಿರದಲ್ಲಿಲ್ಲವೆಂದೇ ನಮ್ಮ ಅಭಿಪ್ರಾಯ.

ಎರಡನೆಯ ಉಪಯೋಗವು ಹಾಲಿಗೆ ಹೆಪ್ಪಿನಂತೆ ಸ್ವಲ್ಪವೇ ಇದ್ದು ರಸಾಯನಕ್ರಿಯೆಯನ್ನು ಚುರುಕುಗೊಳಿಸುವ ವೇಗವರ್ಧಕಗಳದು. (ಹೆಪ್ಪು ತಾನೂ ಬೆಳೆಯುವುದು, ಇವು ಬೆಳೆಯವು, ಹೋಲಿಕೆ ಅಷ್ಟಕ್ಕೇ ನಿಲ್ಲಲಿ.) ದುಬಾರಿಯಾದ ಪ್ಲಾಟಿನಮ್ಮಿನ ಕಣಗಳನ್ನು ಗ್ರಾಫೀನಿನ ಮೇಲೆ ತೆಳುವಾಗಿ ಹರಡಿದರೆ ಕಡಮೆ ಲೋಹದಿಂದ ಹೆಚ್ಚು ಕೆಲಸವಾಗುವುದು.

ಮನೆಗೆ ಹೆಚ್ಚು ಸಮೀಪವಾದುದು ನೀರಿನ ವಿಷಯ. ಕಬಿನಿ, ಕಾವೇರಿ, ಲಕ್ಷ್ಮಣತೀರ್ಥಗಳು ಹರಿಯುವ ಈ ತಾಲ್ಲೂಕುಗಳಲ್ಲಿಯೂ ಕೊಳವೆಬಾವಿಯ ನೀರನ್ನು ಕುಡಿಯುವ ಮನೆಗಳುಂಟು. ಈಗ ರೂಢಿಯಲ್ಲಿರುವ ಆರ್.ಓ. ಯಂತ್ರಗಳು ಒತ್ತಡದಿಂದ ನೀರನ್ನು ತೆಳುಪೊರೆಯ ಮೂಲಕ ದಾಟಿಸಿ ಲವಣವನ್ನು ತಡೆಯುವುವು. ಆದರೆ ಒಂದು ಪಾಲು ನೀರು ಹೊರಕ್ಕೆ ಚೆಲ್ಲಿಹೋಗುವುದು. ಆಮ್ಲಜನಕ ಸೇರಿದ ಗ್ರಾಫೀನಿನ ಹಾಳೆಗಳನ್ನು ಒಂದರ ಮೇಲೊಂದು ಪೇರಿಸಿದ ಪೊರೆಯಲ್ಲಿ ನೀರು ಸಲೀಸಾಗಿ ನುಸುಳುವುದೆಂದು 2012ರಲ್ಲಿ ಮ್ಯಾಂಚೆಸ್ಟರಿನವರು ತೋರಿಸಿದರು. ಕಷ್ಟವೇನೆಂದರೆ, ಒದ್ದೆಯಾದೊಡನೆ ಪದರಗಳು ಉಬ್ಬಿ ಸಂದು ಅಗಲವಾಗಿ ಉಪ್ಪೂ ನುಸುಳಿಬಿಡುವುದು. 2017ರಲ್ಲಿ ಅವರೇ ಪೊರೆಯ ಎರಡು ಕಡೆಗೂ ರಾಳದ ಕಟ್ಟು ಹಾಕಿ ಉಬ್ಬದಂತೆ ಬಿಗಿದು ಉಪ್ಪಿನ ಬಹುಭಾಗವನ್ನು ತಡೆದರು. ಪ್ರಯೋಗಶಾಲೆಯ ಅಂಗೈಯಗಲದ ಪೊರೆಗೂ ಊರಿಗೆಲ್ಲ ನೀರು ಕೊಡುವ ಪೊರೆಗೂ ನಡುವೆ ದಾರಿ ಉದ್ದವಾಗಿದೆ.

ಆದುದರಿಂದ ಗ್ರಾಫೀನೆಂಬ ಹೆಸರನ್ನು ಮುಂದಿಟ್ಟು ಯಾರಾದರೂ ಶೋಧಕವನ್ನು ಮಾರಬಂದರೆ, ಅದು ಯಾವ ಕಶ್ಮಲವನ್ನು ಎಷ್ಟು ತೆಗೆಯುವುದೆಂಬ ಪರೀಕ್ಷೆಯ ಪತ್ರವನ್ನು ಮೊದಲು ಕೇಳಿರಿ. ನಿಮ್ಮ ಬಾವಿಯ ನೀರಿನಲ್ಲಿ ಏನಿದೆಯೆಂಬುದನ್ನು ಅದಕ್ಕೂ ಮೊದಲು ಪರೀಕ್ಷೆ ಮಾಡಿಸಿರಿ. ಇದ್ದಿಲು ವಾಸನೆಯನ್ನೂ ಬಣ್ಣವನ್ನೂ ಹಿಡಿಯುವುದು, ಉಪ್ಪನ್ನು ಹಿಡಿಯದು. ಕುದಿಸಿದರೆ ಕ್ರಿಮಿಗಳು ಸಾಯುವುವು. ಫ್ಲೋರೈಡು ಇದ್ದರೆ ಪಾತ್ರೆಯಲ್ಲಿಯೇ ಉಳಿಯುವುದು.