ನಳಿಗೆ ಶುಚಿಯಿದ್ದರೆ ಗುರಿಯೂ ನೇರ

ಗೋವೆಯ ಸತ್ತರಿ, ಸಾಂಗೆ, ಕಾಣಕೋಣ ತಾಲೂಕುಗಳ ಕೃಷಿಕರ ಗೋಳು ನಮ್ಮ ಗಡಿನಾಡಿನ ಕೃಷಿಕರಿಗೆ ಹೊಸತಲ್ಲ. ಅಲ್ಲಿಯೂ ಗೇರುಗುಡ್ಡೆ, ಅಡಿಕೆ ತೋಟ, ಗದ್ದೆ. ಅಲ್ಲಿಯೂ ರಾತ್ರಿ ಬೆಳಗಾಗುವುದರೊಳಗೆ ಎಲ್ಲವನ್ನೂ ಉತ್ತು ಹಾಕುವ ಕಾಡುಹಂದಿ. ಬೆಳೆ ಕಾಯುವುದಕ್ಕಾಗಿ ಪರವಾನಗಿ ಪಡೆದ ಕೋವಿ ಅಲ್ಲಿ ಹಲವು ಮನೆಗಳಲ್ಲಿದೆ.

ಕೋವಿಯ ಕಸುಬು ಗೋವೆಗೆ ಹಳೆಯದು. 1510ರಲ್ಲಿ ಬಿಜಾಪುರದ ಆದಿಲಶಾಹಿಯಿಂದ ಗೋವೆಯನ್ನು ಕಿತ್ತುಕೊಂಡ ಆಲ್ಬುಕರ್ಕನು ಅಲ್ಲಿಯ ಕೋವಿ ಮಾಡುವವರ ಕೈಚಳಕವನ್ನು ಪೋರ್ಚುಗಲ್ಲಿನ ಅರಸನಿಗೆ ಹೊಗಳಿ ಬರೆದಿದ್ದನು. ಆದರೆ ಎಷ್ಟೇ ಒಳ್ಳೆಯ ನಳಿಗೆಯಾದರೂ ಕರಾವಳಿಯ ಉಪ್ಪುಗಾಳಿ, ಮಳೆಗಾಲದ ತೇವಗಳಿಗೆ ಅದು ಬರಿಯ ಕಬ್ಬಿಣವೇ.

2024ರ ಲೋಕಸಭಾ ಚುನಾವಣೆಯನ್ನೇ ನೋಡೋಣ. ನೀತಿಸಂಹಿತೆ ಮಾರ್ಚ್ 16ರಂದು ಜಾರಿಯಾಗಿ ಜೂನ್ ಮೊದಲ ವಾರದ ತನಕ ಇತ್ತು. ಚುನಾವಣೆ ಬಂದಾಗ ಪರವಾನಗಿಯ ಕೋವಿಗಳನ್ನು ಠಾಣೆಯಲ್ಲಿಡುವುದು ರೂಢಿ. ಗೇರು ಕೊಯ್ಲಿನ ಕಾಲದಲ್ಲಿ ಠಾಣೆ ಸೇರಿದ ಕೋವಿ ಮನೆಗೆ ಮರಳುವುದು ಮಳೆಯೊಡನೆ. ಒರಸದೆ ಇಟ್ಟ ಕೋವಿಯಾದರೆ ಅಷ್ಟರಲ್ಲಿ ನಳಿಗೆಯೊಳಗೆ ತುಕ್ಕು ಬೇರೂರಿರುತ್ತದೆ.

ಕೋವಿಗೆ ತಕ್ಕ ಶುಚಿ

ಕೇಪಿನ ಕೋವಿಗೆ ಹಾಕುವ ಕರಿಮದ್ದು ಸುಟ್ಟಾಗ ಅದರ ತೂಕದಲ್ಲಿ ಅರ್ಧಕ್ಕಿಂತಲೂ ಹೆಚ್ಚು ಪಾಲು ಮಸಿ ಮತ್ತು ಲವಣಗಳಾಗಿ ಉಳಿಯುತ್ತದೆ. ಒಂದಷ್ಟು ಹೊಗೆಯೊಡನೆ ಹೋದರೆ ಉಳಿದುದು ನಳಿಗೆಗೆ ಅಂಟುತ್ತದೆ. ಈ ಕಿಟ್ಟ ಗಾಳಿಯ ತೇವವನ್ನು ಹೀರುತ್ತದೆ. ಒಂದೇ ರಾತ್ರಿಯಲ್ಲಿ ತುಕ್ಕು ತರಬಲ್ಲದು. ಎಣ್ಣೆಗೆ ಅದು ಕರಗದು. ಬಿಸಿನೀರಿನಲ್ಲಿ ತೊಳೆದು, ಚೆನ್ನಾಗಿ ಒಣಗಿಸಿ, ಆಮೇಲೆಯೇ ತೆಳುವಾಗಿ ಎಣ್ಣೆ ಸವರಬೇಕು.

ತೋಟಾ ಕೋವಿಯ ನಳಿಗೆ ಒಳಗೆ ನುಣುಪು. ಸ್ವಲ್ಪ ಮಸಿಯಿದ್ದರೆ ಗುರಿ ಅಷ್ಟೇನೂ ಕೆಡದು. ತುಕ್ಕು ತಿಂದು ಹೊಂಡ ಬಿದ್ದರೆ ಮಾತ್ರ ನಳಿಗೆಯೇ ಹಾಳು.

ರೈಫಲಿನ ಲೆಕ್ಕ ಬೇರೆ. ಅದರ ನಳಿಗೆಯೊಳಗೆ ಸುರುಳಿಯಾಗಿ ಕೊರೆದ ಗೆರೆಗಳಿವೆ. ಗುಂಡು ಗಿರಗಿರನೆ ತಿರುಗಿ ನೇರವಾಗಿ ಸಾಗುವುದು ಅವುಗಳಿಂದ. ಗುಂಡಿನ ತಾಮ್ರದ ಹೊದಿಕೆ ಆ ಗೆರೆಗಳಲ್ಲಿ ಮೆತ್ತಿಕೊಂಡು ದಪ್ಪವಾದಂತೆ ಗುಂಡುಗಳು ಚದರುತ್ತವೆ. ಹಾಗೆಂದು ದಿನವೂ ಉಜ್ಜುವುದೂ ತಪ್ಪು. ಬಾಯಿಯ ಕಡೆಯಿಂದ ಕೋಲು ತುರುಕಿ ತಿಕ್ಕಿದರೆ ಬಾಯಂಚು ಸವೆಯುತ್ತದೆ. ಗುಂಡು ನಳಿಗೆಯನ್ನು ಕೊನೆಗೆ ಬಿಟ್ಟು ಹೋಗುವ ಜಾಗ ಅದು. ಅಲ್ಲಿ ಕೂದಲೆಳೆಯಷ್ಟು ವಾರೆಯಾದರೂ ಗುರಿ ತಪ್ಪೀತು. ಸಾಧ್ಯವಿರುವ ಕೋವಿಗಳಲ್ಲಿ ಹಿಂದುಗಡೆಯಿಂದಲೇ ಶುಚಿ ಮಾಡಬೇಕು.

ಮೊದಲ ಈಡು

ಎಣ್ಣೆ ಬಳಿದ ನಳಿಗೆಯಿಂದ ಹೊರಡುವ ಮೊದಲ ಗುಂಡು ಮುಂದಿನವುಗಳ ಜಾಗಕ್ಕೆ ಬೀಳದಿರುವುದುಂಟು. ಆದ್ದರಿಂದಲೇ ಗುರಿಪಂದ್ಯದವರು ಒಂದೆರಡು ಈಡು ಹಾರಿಸಿದ ಬಳಿಕ ಲೆಕ್ಕ ಹಿಡಿಯುತ್ತಾರೆ. ಹಂದಿಯ ಮುಂದೆ ನಿಂತವನಿಗೆ ಆ ಅನುಕೂಲವಿಲ್ಲ. ಅವನಿಗೆ ಮೊದಲ ಈಡೇ ಎಲ್ಲ. ಗಾಯಗೊಂಡ ಹಂದಿ ಆಳಿನ ಮೇಲೇ ಏರಿ ಬರುತ್ತದೆ. ಹಾಗಾಗಿ ಹೊರಡುವ ಮೊದಲು ಒಣಬಟ್ಟೆಯಿಂದ ಎಣ್ಣೆಯನ್ನು ಪೂರಾ ಒರಸಿ ತೆಗೆಯಬೇಕು.

ಬಹುಕಾಲ ಇಟ್ಟಿದ್ದ ಕೋವಿಯಲ್ಲಿ ಕಣಜದ ಹುಳ ಮಣ್ಣಿನ ಗೂಡು ಕಟ್ಟಿರಬಹುದು, ಬಟ್ಟೆಯ ತುಂಡು ಉಳಿದಿರಬಹುದು. ಅದನ್ನು ನೋಡದೆ ಹಾರಿಸಿದರೆ ನಳಿಗೆಯೇ ಸಿಡಿದೀತು. ಈಡು ಇಲ್ಲವೆಂದು ಎರಡೆರಡು ಸಲ ಖಚಿತಪಡಿಸಿಕೊಂಡ ಮೇಲೆಯೇ ಶುಚಿಗೆ ಕೈಹಾಕಬೇಕು. ಮಕ್ಕಳು ಹತ್ತಿರ ಇರಕೂಡದು.

ಕೋವಿ ಕೈಯಲ್ಲಿದ್ದ ಮಾತ್ರಕ್ಕೆ ಬೇಟೆಯಾಡುವಂತಿಲ್ಲ. ಅದಕ್ಕೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ತಡೆಯಿದೆ. ಕೃಷಿಗೆ ಹಾನಿ ಮಾಡುವ ಹಂದಿಯನ್ನು ಕೊಲ್ಲಲು ಅಪ್ಪಣೆ ಕೊಡುವ ಅಧಿಕಾರವನ್ನು ಕೇರಳ ಸರಕಾರವು 2022ರಲ್ಲಿ ಪಂಚಾಯತು ಅಧ್ಯಕ್ಷರಿಗೆ ವಹಿಸಿತು. ಅಪ್ಪಣೆ ದೊರೆತರೂ ಈಡು ಹಾರುವುದು ಕತ್ತಲಲ್ಲಿ, ನೆರೆಮನೆಗಳ ನಡುವಿನ ತೋಟದಲ್ಲಿ. ನಳಿಗೆ ಒರಸುವ ಹತ್ತು ನಿಮಿಷಗಳಿಗೆ ಬೇಸರಿಸುವವರು ಕೋವಿ ಹಿಡಿಯದಿರುವುದೇ ಲೇಸು.