‘ಜೇನ್ ಏರ್’: ಭಯದೊಳಗಿನ ಬಂಡಾಯ

ಷಾರ್ಲೆಟ್ ಬ್ರಾಂಟೆ 1847ರಲ್ಲಿ ಕರರ್ ಬೆಲ್ ಎಂಬ ಹೆಸರಿನಲ್ಲಿ ಪ್ರಕಟಿಸಿದ ‘ಜೇನ್ ಏರ್’ ಕಾದಂಬರಿ, ಗಾಥಿಕ್ ಕಥೆಗಳ ಭಯಾನಕ ಪ್ರತಿಮೆಗಳನ್ನು ಅನಾಥ ಹೆಣ್ಣೊಬ್ಬಳ ಒಳಬದುಕನ್ನು ತೋರಿಸಲು ಬಳಸುತ್ತದೆ.

ಹತ್ತು ವರ್ಷದ ಜೇನ್‌ಳನ್ನು ಶಿಕ್ಷೆಯೆಂದು ಕೂಡಿಹಾಕುವುದು ಸೋದರಮಾವ ಸತ್ತ ಕೆಂಪು ಕೋಣೆಯಲ್ಲಿ. ಕಡುಗೆಂಪು ಪರದೆಗಳ ನಡುವೆ, ದೊಡ್ಡ ಕನ್ನಡಿಯಲ್ಲಿ ತನ್ನದೇ ಬಿಳಿಚಿದ ಮುಖ ಅವಳಿಗೆ ಪ್ರೇತದಂತೆ ಕಾಣುತ್ತದೆ. ಗೋಡೆಯ ಮೇಲೆ ಬೆಳಕೊಂದು ಸರಿದಾಡಿದಾಗ ಚೀರಿ, ಕೊನೆಗೆ ಪ್ರಜ್ಞೆ ತಪ್ಪುತ್ತಾಳೆ. ದೊಡ್ಡವರ ಅನ್ಯಾಯವೇ ಇಲ್ಲಿ ಭೂತದ ರೂಪ ತಾಳುತ್ತದೆ.

ಮುಂದೆ ಜೇನ್ ಕೆಲಸಕ್ಕೆ ಸೇರುವ ಥಾರ್ನ್‌ಫೀಲ್ಡ್ ಬಂಗಲೆಯಲ್ಲಿ ವಿಕಾರವಾದ ನಗು ಕೇಳಿಸುತ್ತದೆ, ಯಜಮಾನ ರಾಚೆಸ್ಟರ್‌ನ ಹಾಸಿಗೆ ಹೊತ್ತಿಕೊಳ್ಳುತ್ತದೆ, ಜೇನ್‌ಳ ಮದುವೆಯ ಮುಸುಕು ಹರಿದು ಎರಡಾಗುತ್ತದೆ. ಇದಾವುದೂ ದೆವ್ವದ ಕಾಟವಲ್ಲ. ಇವೆಲ್ಲ ಮಹಡಿಯ ಮೇಲೆ ಬಂಧಿಯಾಗಿರುವ ಜಮೈಕಾದ ಬರ್ತಾಳ ಕೃತ್ಯ; ಅವಳು ರಾಚೆಸ್ಟರ್‌ನ ಮೊದಲ ಹೆಂಡತಿ. ಅವನು ಜೇನ್‌ಳಿಗೆ ಪ್ರೇಮ ನಿವೇದಿಸಿದ ರಾತ್ರಿಯೇ ಸಿಡಿಲಿಗೆ ಸೀಳಿಹೋದ ಚೆಸ್ಟ್‌ನಟ್ ಮರ ಬರಲಿರುವ ಅಗಲಿಕೆಯನ್ನು ಸೂಚಿಸಿರುತ್ತದೆ. ಬರ್ತಾ ಹಚ್ಚಿದ ಬೆಂಕಿಯಲ್ಲಿ ಬಂಗಲೆ ಸುಟ್ಟುಹೋಗಿ, ಅವಳೂ ಸಾಯುತ್ತಾಳೆ. ರಾಚೆಸ್ಟರ್ ದೃಷ್ಟಿಯನ್ನೂ ಒಂದು ಕೈಯನ್ನೂ ಕಳೆದುಕೊಳ್ಳುತ್ತಾನೆ.

ಜೇನ್ ಅದುಮಿಟ್ಟ ಸಿಟ್ಟಿಗೆ ಬರ್ತಾ ಪ್ರತಿರೂಪವೆಂದು ಸಾಂಡ್ರಾ ಗಿಲ್ಬರ್ಟ್ ಮತ್ತು ಸೂಸನ್ ಗ್ಯೂಬರ್ 1979ರಲ್ಲಿ ವಾದಿಸಿದರು. ಅದಕ್ಕೂ ಮೊದಲೇ, 1966ರಲ್ಲಿ, ಜೀನ್ ರೀಸ್ ‘ವೈಡ್ ಸರ್ಗಾಸೊ ಸೀ’ ಕಾದಂಬರಿಯಲ್ಲಿ ಬರ್ತಾಳಿಗೆ ಅವಳದೇ ಕಥೆ ಕೊಟ್ಟಿದ್ದರು.