ಪೈಲಟ್ ಹುದ್ದೆಯ ಸಂದರ್ಶನ: ನಮ್ಮ ಮಕ್ಕಳಿಗೆ ಕೆಲವು ಮಾತು



ಕಾಸರಗೋಡಿನ ನಮ್ಮ ಸದಸ್ಯರೊಬ್ಬರ ಮಗಳು ಹೋದ ತಿಂಗಳು ಸಂಘದ ವಾಚನಾಲಯಕ್ಕೆ ಒಂದು ಫೈಲು ಹಿಡಿದುಕೊಂಡು ಬಂದಳು. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ ಹುಡುಗಿ. ಈಗ ಕಮರ್ಷಿಯಲ್ ಪೈಲಟ್ ಲೈಸೆನ್ಸ್ ಕೈಯಲ್ಲಿದೆ. ತಂದೆ ಅಡಿಕೆ ತೋಟದ ಮೇಲೆ ಸಾಲ ಮಾಡಿ ಕಲಿಸಿದ್ದಾರೆ. ಪ್ರಾದೇಶಿಕ ವಿಮಾನ ಸಂಸ್ಥೆಯೊಂದರಿಂದ ಸಂದರ್ಶನಕ್ಕೆ ಕರೆ ಬಂದಿತ್ತು. "ಮಾವಾ, ಒಮ್ಮೆ ನನ್ನನ್ನು ಪ್ರಶ್ನೆ ಕೇಳಿ ನೋಡಿ" ಎಂದಳು. ಗುಮಾಸ್ತನಾಗಿ ಎಷ್ಟೋ ಸಂದರ್ಶನ ಮಂಡಳಿಗಳ ಮುಂದೆ ಕಡತ ಇಟ್ಟವನು ನಾನು. ವಿಮಾನದ ವಿಷಯ ಗೊತ್ತಿದ್ದದ್ದು ಅಷ್ಟಕ್ಕಷ್ಟೆ. ಆಕೆಯ ಪುಸ್ತಕಗಳನ್ನು ನೋಡಿ, ಎರಡು ಭಾನುವಾರ ಜೊತೆಗೆ ಕುಳಿತು ತಿಳಿದುಕೊಂಡದ್ದನ್ನು ಇಲ್ಲಿ ಬರೆದಿದ್ದೇನೆ.

ಪ್ರಾದೇಶಿಕ ಸಂಸ್ಥೆ ಎಂದರೆ

ಸಣ್ಣ ಊರುಗಳನ್ನು ದೊಡ್ಡ ನಗರಗಳಿಗೆ ಜೋಡಿಸುವ ಸಂಸ್ಥೆಗಳಿವು. ಕೇಂದ್ರದ ಉಡಾನ್ ಯೋಜನೆಯ ಮೊದಲ ವಿಮಾನ 2017ರ ಏಪ್ರಿಲ್‌ನಲ್ಲಿ ಹಾರಿತು. ಆ ಮೇಲೆ ಇವುಗಳ ಓಡಾಟ ಹೆಚ್ಚಿತು. ಅಲಯನ್ಸ್ ಏರ್ ಮತ್ತು ಗೋವಾದ ಫ್ಲೈ 91 ಸಂಸ್ಥೆಗಳು ಪ್ರೊಪೆಲ್ಲರ್ ಇರುವ ಎಟಿಆರ್ ವಿಮಾನಗಳನ್ನೂ, ಸ್ಟಾರ್ ಏರ್ ಸಂಸ್ಥೆ ಎಂಬ್ರೇಯರ್ ಜೆಟ್‌ಗಳನ್ನೂ ಹಾರಿಸುತ್ತವೆ. ಸೊಲ್ಲಾಪುರದಿಂದ ಗೋವಾಕ್ಕೆ 2025ರಲ್ಲಿ ವಿಮಾನ ಆರಂಭವಾದದ್ದು ಅಲ್ಲಿನ ಸದಸ್ಯರಿಗೆ ಗೊತ್ತೇ ಇದೆ.

ಮೊದಲು ಕಾಗದಪತ್ರ

ಲೈಸೆನ್ಸಿಗೆ ಕನಿಷ್ಠ 200 ಗಂಟೆಗಳ ಹಾರಾಟ ಬೇಕು. ಅದರಲ್ಲಿ 100 ಗಂಟೆ ತಾನೇ ಕಮಾಂಡ್‌ನಲ್ಲಿ ಹಾರಿಸಿರಬೇಕು. ಇವೆಲ್ಲ ಲಾಗ್‌ಬುಕ್‌ನಲ್ಲಿ ದಾಖಲಾಗಿರುತ್ತವೆ. ಮಂಡಳಿಯವರು ಮೊದಲು ತಿರುವಿ ನೋಡುವುದು ಇದನ್ನೇ. ನಾನು ಹಳೆಯ ಅಭ್ಯಾಸದಂತೆ ಪುಟಪುಟವೂ ಕೂಡಿ ನೋಡಿದೆ. ಒಂದು ಪುಟದ ಮೊತ್ತ ಮುಂದಿನ ಪುಟಕ್ಕೆ ಒಯ್ಯುವಾಗ ಒಂದು ಗಂಟೆ ಹೆಚ್ಚಾಗಿತ್ತು. ಬೇಕೆಂದು ಮಾಡಿದ್ದಲ್ಲ, ಆದರೆ ಸುಳ್ಳು ಗಂಟೆ ಬರೆದಿದ್ದಾಳೆ ಎಂದು ಕಾಣಬಹುದಾದ ತಪ್ಪು. ತರಬೇತಿ ಶಾಲೆಯಿಂದಲೇ ಸರಿಪಡಿಸಿ ಸಹಿ ಹಾಕಿಸಿಕೊಂಡು ಬಂದಳು.

ಗಡಿನಾಡಿನ ನಮ್ಮ ಮಕ್ಕಳಿಗೆ ಇನ್ನೊಂದು ತೊಡಕಿದೆ. ಶಾಲೆಯ ಪ್ರಮಾಣಪತ್ರದಲ್ಲಿ ಇನಿಷಿಯಲ್ ಹೆಸರಿನ ಕೊನೆಗೆ, ಪಾಸ್‌ಪೋರ್ಟಿನಲ್ಲಿ ಅದರ ವಿಸ್ತಾರ, ಆಧಾರ್‌ನಲ್ಲಿ ಬೇರೆಯೇ ಕಾಗುಣಿತ. ಕರೆ ಬಂದ ಮೇಲೆ ಓಡಾಡುವ ಬದಲು ಮೊದಲೇ ಎಲ್ಲವನ್ನೂ ಒಂದೇ ರೀತಿ ಮಾಡಿಸಿಕೊಳ್ಳಿ. ಕ್ಲಾಸ್ 1 ವೈದ್ಯಕೀಯ ಪ್ರಮಾಣಪತ್ರದ ಅವಧಿಯನ್ನೂ ನೋಡಿಕೊಳ್ಳಿ.

ಏನು ಕೇಳುತ್ತಾರೆ

ಸಾಮಾನ್ಯವಾಗಿ ಲಿಖಿತ ಪರೀಕ್ಷೆ, ಮನೋಸಾಮರ್ಥ್ಯದ ಪರೀಕ್ಷೆ, ತಾಂತ್ರಿಕ ಸಂದರ್ಶನ, ಸಿಬ್ಬಂದಿ ವಿಭಾಗದ ಸಂದರ್ಶನ ಇರುತ್ತವೆ. ಹಲವೆಡೆ ಸಿಮ್ಯುಲೇಟರ್‌ನಲ್ಲಿ ಹಾರಿಸಿಯೂ ನೋಡುತ್ತಾರೆ.

ತಾಂತ್ರಿಕ ಪ್ರಶ್ನೆಗೆ ಒಂದು ಉದಾಹರಣೆ. ರನ್‌ವೇ 24, ಟವರ್ ಹೇಳಿದ ಗಾಳಿ 270 ಡಿಗ್ರಿಯಿಂದ 20 ನಾಟ್. ಅಡ್ಡಗಾಳಿ ಎಷ್ಟು? ರನ್‌ವೇ 24 ಎಂದರೆ ಸುಮಾರು 240 ಡಿಗ್ರಿ ದಿಕ್ಕು. ಅಂತರ 30 ಡಿಗ್ರಿ. ಅದರ ಸೈನ್ ಅರ್ಧ. ಆದ್ದರಿಂದ ಬಲಗಡೆಯಿಂದ 10 ನಾಟ್ ಅಡ್ಡಗಾಳಿ. ಇದನ್ನು ಕಾಗದವಿಲ್ಲದೆ ಹೇಳಬೇಕು.

ಸಂಸ್ಥೆ ಹಾರಿಸುವ ವಿಮಾನದ ಪರಿಚಯವೂ ಇರಬೇಕು. ಎಟಿಆರ್‌ನಲ್ಲಿ ನಿಂತಿರುವಾಗ ವಿದ್ಯುತ್ ಮತ್ತು ಹವಾನಿಯಂತ್ರಣಕ್ಕೆ ಪ್ರತ್ಯೇಕ ಸಣ್ಣ ಎಂಜಿನ್ ಇರುವುದಿಲ್ಲ. ಬಲ ಎಂಜಿನ್ನಿನ ಪ್ರೊಪೆಲ್ಲರ್‌ಗೆ ಬ್ರೇಕ್ ಹಾಕಿ, ಎಂಜಿನ್ ಮಾತ್ರ ನಡೆಸುತ್ತಾರೆ. ಇದಕ್ಕೆ 'ಹೋಟೆಲ್ ಮೋಡ್' ಎಂದು ಹೆಸರು. ಇಂಥದ್ದು ತಿಳಿದಿದ್ದರೆ ಅಭ್ಯರ್ಥಿ ಮನಸ್ಸಿಟ್ಟು ಬಂದಿದ್ದಾನೆ ಎಂದು ಮಂಡಳಿಗೆ ಅರ್ಥವಾಗುತ್ತದೆ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದೇ ಹೇಳಬೇಕು. ಊಹಿಸಿ ಹೇಳುವವರನ್ನು ಕಾಕ್‌ಪಿಟ್‌ನಲ್ಲಿ ಯಾರೂ ನಂಬುವುದಿಲ್ಲ.

ಎಲ್ಲಕ್ಕಿಂತ ಕಷ್ಟದ ಪ್ರಶ್ನೆ

"ಕ್ಯಾಪ್ಟನ್ ತಪ್ಪು ಮಾಡುತ್ತಿದ್ದರೆ ಏನು ಮಾಡುತ್ತೀರಿ?" ಇದನ್ನು ಕೇಳಿದಾಗ ಹುಡುಗಿ ತಡವರಿಸಿದಳು. "ಅವರು ನನಗಿಂತ ಇಪ್ಪತ್ತು ವರ್ಷ ದೊಡ್ಡವರು ಮಾವಾ. ಹೇಳುವುದು ಹೇಗೆ?" ಹಿರಿಯರಿಗೆ ಎದುರು ಮಾತಾಡಬಾರದೆಂದು ಕಲಿಸಿದವರು ನಾವೇ ಅಲ್ಲವೇ?

ಆಗ 2010ರ ಮೇ 22 ನೆನಪಾಯಿತು. ದುಬೈಯಿಂದ ಬಂದ ವಿಮಾನ ಮಂಗಳೂರಿನ ಗುಡ್ಡದ ಮೇಲಿನ ರನ್‌ವೇ ದಾಟಿ ಕಣಿವೆಗೆ ಬಿತ್ತು. 166 ಜನರಲ್ಲಿ 158 ಮಂದಿ ತೀರಿಹೋದರು. ಅವರಲ್ಲಿ ಕಾಸರಗೋಡಿನ ಕಡೆಯವರು ಬಹಳ. ತನಿಖಾ ವರದಿಯ ಪ್ರಕಾರ, ಇಳಿಯುವುದು ಬೇಡ, ಮತ್ತೆ ಮೇಲೇರೋಣ ಎಂದು ಸಹಪೈಲಟ್ ಮೂರು ಬಾರಿ ಹೇಳಿದ್ದರು. ಕ್ಯಾಪ್ಟನ್ ಮುಂದುವರಿದರು. ಅರ್ಧಕ್ಕಿಂತ ಹೆಚ್ಚು ರನ್‌ವೇ ಕಳೆದ ಮೇಲೆ ಚಕ್ರ ನೆಲ ಮುಟ್ಟಿತು.

ಮಂಡಳಿ ಈ ಪ್ರಶ್ನೆ ಕೇಳುವುದು ಇಂಥ ದಿನ ಮರುಕಳಿಸಬಾರದೆಂದು. ಉತ್ತರ ಹಂತಹಂತವಾಗಿರಬೇಕು. ಮೊದಲು ಕಂಡದ್ದನ್ನು ಸ್ಪಷ್ಟವಾಗಿ ಹೇಳುವುದು: "ವೇಗ ಹೆಚ್ಚಾಗಿದೆ." ತಿದ್ದದಿದ್ದರೆ ಏನು ಮಾಡಬೇಕೆಂದು ಹೇಳುವುದು: "ಗೋ ಅರೌಂಡ್." ಅದಕ್ಕೂ ಓಗೊಡದೆ ಅಪಾಯ ಎದುರಿಗಿದ್ದರೆ, ಸಂಸ್ಥೆಯ ಕೈಪಿಡಿ ಹೇಳಿದ ಕ್ರಮದಲ್ಲಿ ನಿಯಂತ್ರಣ ತೆಗೆದುಕೊಳ್ಳುವುದು. ಇದು ಅಗೌರವ ಅಲ್ಲ, ಇಬ್ಬರು ಪೈಲಟ್‌ಗಳನ್ನು ಕೂರಿಸುವುದೇ ಇದಕ್ಕಾಗಿ. ಎರಡನೆಯ ಭಾನುವಾರ ಆಕೆ ತಡವರಿಸದೆ ಉತ್ತರಿಸಿದಳು.

ಪೋಷಕರಿಗೆ ಒಂದು ಮಾತು

ಹಣ ಕೊಟ್ಟರೆ ಕೆಲಸ ಖಾತ್ರಿ ಎನ್ನುವ ಮಧ್ಯವರ್ತಿಗಳನ್ನು ನಂಬಬೇಡಿ. ಅರ್ಜಿಯನ್ನು ಸಂಸ್ಥೆಯ ಅಧಿಕೃತ ಜಾಲತಾಣದಲ್ಲೇ ಹಾಕಿ. ನಿರ್ದಿಷ್ಟ ವಿಮಾನದ ತರಬೇತಿಯ ವೆಚ್ಚ ಯಾರದ್ದು, ಎಷ್ಟು ವರ್ಷದ ಬಾಂಡ್ ಎಂಬುದನ್ನು ಸಹಿ ಹಾಕುವ ಮೊದಲೇ ಓದಿ ತಿಳಿಯಿರಿ. ಕ್ಯಾಪ್ಟನ್ ಆಗಲು ಬೇಕಾದ ಮೇಲಿನ ಲೈಸೆನ್ಸಿಗೆ 1500 ಗಂಟೆ ಆಗಬೇಕು. ಅಲ್ಲಿಯವರೆಗೆ ತಾಳ್ಮೆ ಇರಲಿ.

ನಮ್ಮ ಹುಡುಗಿಯ ಫಲಿತಾಂಶ ಇನ್ನೂ ಬಂದಿಲ್ಲ. ಯಾವುದೇ ಹುದ್ದೆಯ ಸಂದರ್ಶನಕ್ಕೆ ಹೋಗುವ ಸದಸ್ಯರ ಮಕ್ಕಳು ಭಾನುವಾರ ಬೆಳಿಗ್ಗೆ 10ಕ್ಕೆ ವಾಚನಾಲಯಕ್ಕೆ ಬರಬಹುದು. ಕಾಗದಪತ್ರ ನೋಡಿಕೊಡುತ್ತೇನೆ, ಪ್ರಶ್ನೆಯನ್ನೂ ಕೇಳುತ್ತೇನೆ. ದೂರದ ಊರಿನವರು ಫೋನ್ ಮಾಡಿದರೂ ಆದೀತು.

ಇತಿ,
ಕಾರ್ಯದರ್ಶಿ